ಎರಡು ಮೀಟರ್ ಜಾಗ

ದಕ್ಷಿಣ ಬೆಂಗಳೂರಿನ ಒಂದು ಎಂಬತ್ತಡಿ ರಸ್ತೆ. ಹಾರ್ಡ್‌ವೇರ್ ಅಂಗಡಿಯ ಮುಂದೆ ಟೇಪು ಹಿಡಿದು ಅಳೆಯುತ್ತಿದ್ದ ರಸ್ತೆ ವಿನ್ಯಾಸದ ಇಂಜಿನಿಯರಿಗೂ ಅಂಗಡಿಯ ಯಜಮಾನರಿಗೂ ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ನಡೆದ ಮಾತು ಇದು.

ಅಂಗಡಿಯವರು: ಬೆಳಗ್ಗಿನಿಂದ ನೋಡ್ತಾ ಇದ್ದೀನಿ ಮೇಡಂ. ಟೇಪು ಹಿಡಿಯೋದು, ಸುಣ್ಣದಲ್ಲಿ ಗೆರೆ ಎಳೆಯೋದು. ಮತ್ತೆ ಅಗೀತೀರಾ? ಡಾಂಬರು ಹಾಕಿ ಇನ್ನೂ ವರ್ಷ ಆಗಿಲ್ಲ.

ಇಂಜಿನಿಯರ್: ಅಗಲ ಮಾಡೋಕಲ್ಲ ಸಾರ್, ಇರೋ ಅಗಲವನ್ನೇ ಬೇರೆ ಥರ ಹಂಚೋಕೆ. ಸೈಕಲ್ಲಿಗೂ ಒಂದು ಪಾಲು ಕೊಡಬೇಕು ಅಂತ.

ಅಂಗಡಿಯವರು: ಜಯನಗರದಲ್ಲಿ ಕೊಟ್ಟಿದ್ರಲ್ಲ, 2012ರ ಸುಮಾರಿಗೆ. ಗೆರೆ ಎಳೆದು ಸೈಕಲ್ ಚಿತ್ರ ಬರೆದ್ರು. ಚಿತ್ರದ ಮೇಲೆ ಕಾರು ನಿಂತವು, ಕಾರಿನ ಕೆಳಗೆ ಬಣ್ಣ ಹೋಯ್ತು. ಆಮೇಲೆ 2020ರಲ್ಲಿ, ಕೊರೊನಾ ವರ್ಷ, ಹೊರ ವರ್ತುಲ ರಸ್ತೇಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಮಾಡಿದ್ರು. ಮೆಟ್ರೊ ಕೆಲಸ ಶುರುವಾಯ್ತು, ಅದೂ ಹೋಯ್ತು. ಈಗ ಮೂರನೇದು ನಮ್ಮ ಅಂಗಡಿ ಮುಂದೆ.

ಇಂಜಿನಿಯರ್: ನೀವು ಹೇಳಿದ್ದು ನಿಜ. ಆದರೆ ಆ ಎರಡರಲ್ಲೂ ಒಂದು ಸಮಾನ ದೋಷ ಇತ್ತು. ನೆಟ್ಟಗೆ ಹೋಗೋ ಕಡೆ ಸೈಕಲ್ಲಿಗೆ ಜಾಗ ಇತ್ತು, ಕ್ರಾಸು ಬಂದ ಕಡೆ ಗೆರೆ ಮಾಯ ಆಗ್ತಿತ್ತು. ತಿರುಗೋ ಗಾಡಿ ಸೈಕಲ್ಲಿಗೆ ಅಡ್ಡ ಬರೋದು ಅಲ್ಲೇ ಸಾರ್. ತಿರುವಿನಲ್ಲಿ ಅಪಾಯ ದೊಡ್ಡದು. ಅಂದರೆ ಎಲ್ಲಿ ಬೇಕಿತ್ತೋ ಅಲ್ಲಿ ಕೈಬಿಟ್ಟಿದ್ರು.

ಅಂಗಡಿಯವರು: ತಿರುವು ಆಮೇಲೆ ನೋಡೋಣ. ಮೊದಲು ಇದು ಹೇಳಿ, ಸೈಕಲ್ ಓಡಿಸೋರು ಎಲ್ಲಿದ್ದಾರೆ? ಭಾನುವಾರ ಬೆಳಗ್ಗೆ ಬಿಗಿ ಚಡ್ಡಿ ಹಾಕಿಕೊಂಡು ನಂದಿಬೆಟ್ಟಕ್ಕೆ ಹೋಗೋರಿಗೆ ನಾನು ಜಾಗ ಬಿಡಬೇಕಾ?

ಇಂಜಿನಿಯರ್: ಅವರು ಬಿಡಿ, ಅವರಿಗೆ ಹೆದ್ದಾರೀನೂ ಆಗುತ್ತೆ. ನಿಮ್ಮ ಅಂಗಡಿ ಬಾಗಿಲು ತೆಗೆಯೋದು ಎಷ್ಟು ಹೊತ್ತಿಗೆ?

ಅಂಗಡಿಯವರು: ಒಂಬತ್ತಕ್ಕೆ.

ಇಂಜಿನಿಯರ್: ಅಷ್ಟರಲ್ಲಿ ದಿನಾ ಸೈಕಲ್ ಓಡಿಸೋರೆಲ್ಲ ಹೋಗಿ ಆಗಿರುತ್ತೆ. ಐದು ಗಂಟೆಗೆ ಪೇಪರ್ ಹುಡುಗರು, ಐದೂವರೆಗೆ ಸೊಪ್ಪಿನವರು, ಆರಕ್ಕೆ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಏಳರ ಮೇಲೆ ಗಾರೆ ಕೆಲಸದವರು. ನಮ್ಮ ಇಲಾಖೆಗಳೂ ನಿಮ್ಮ ಥರಾನೇ, ವಾಹನ ಎಣಿಸೋಕೆ ಕೂರೋದು ಎಂಟರ ಮೇಲೆ. ಎಣಿಕೆ ಪಟ್ಟೀಲಿ ಸೈಕಲ್ ಕಾಣಲ್ಲ, ಹಾಗಾಗಿ ನಕ್ಷೇಲೂ ಇರಲ್ಲ. 2011ರ ಜನಗಣತಿ ತೆಗೆದು ನೋಡಿ, ದೇಶದ ನೂರು ಮನೆಗಳಲ್ಲಿ ಹತ್ತಿರ ಹತ್ತಿರ 45 ಮನೇಲಿ ಸೈಕಲ್ ಇತ್ತು. ನಮ್ಮ ರಾಜ್ಯದಲ್ಲೇ 2006-07ರಿಂದ ಸರ್ಕಾರಿ ಶಾಲೆ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚೋಕೆ ಶುರು ಮಾಡಿದ್ರು. ಸೈಕಲ್ ಕೊಟ್ಟ ಸರ್ಕಾರ ಆ ಮಕ್ಕಳು ಅದನ್ನ ಯಾವ ರಸ್ತೇಲಿ ಓಡಿಸಬೇಕು ಅಂತ ಕೇಳಿಕೊಳ್ಳಲಿಲ್ಲ.

ಅಂಗಡಿಯವರು: ನಾನೂ ಓಡಿಸಿದ್ದೀನಿ, ಅಟ್ಲಾಸು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಲ್ಲಿ ಒಳಪೆಡಲ್ ಹೊಡೆದು ಕಲಿತೋರು ನಾವು. ಡಬಲ್ ರೈಡ್ ಹೋದ್ರೆ ಪೊಲೀಸ್ ಹಿಡೀತಿದ್ದ, ದೀಪ ಇಲ್ಲದಿದ್ರೆ ಗಾಳಿ ಬಿಡ್ತಿದ್ದ. ಆಗ ಯಾರೂ ಪ್ರತ್ಯೇಕ ದಾರಿ ಕೇಳಲಿಲ್ಲ.

ಇಂಜಿನಿಯರ್: ಕೇಳೋ ಅಗತ್ಯ ಇರಲಿಲ್ಲ, ಇಡೀ ರಸ್ತೆ ನಿಮ್ಮದೇ ಆಗಿತ್ತು. ಆದರೂ ಪುಸ್ತಕದಲ್ಲಿ ಆಗಲೇ ಬರೆದಿಟ್ಟಿದ್ರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಇದೆಯಲ್ಲ, ನಮ್ಮ ರಸ್ತೆಗಳ ಅಳತೆ ನಿಯಮ ಮಾಡೋ ಸಂಸ್ಥೆ, ಅದರ 11ನೇ ಸಂಖ್ಯೆಯ ಕೈಪಿಡಿ ಬರೀ ಸೈಕಲ್ ಟ್ರ್ಯಾಕಿಗೆ ಅಂತಲೇ ಮಾಡಿದ್ದು. 1962ರದು. ರಸ್ತೇಲಿ ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಇದ್ರೆ, ಸೈಕಲ್ ಬರೀ 100 ಇದ್ರೂ ಪ್ರತ್ಯೇಕ ಟ್ರ್ಯಾಕು ಮಾಡಬಹುದು ಅಂತ ಅದರಲ್ಲಿದೆ. 200 ಅಂದರೆ ನಿಮಿಷಕ್ಕೆ ಮೂರೋ ನಾಲ್ಕೋ. ಈಗ ನಾವು ಮಾತಾಡ್ತಾ ಇರುವಾಗ ಎಷ್ಟು ಹೋದವು?

ಅಂಗಡಿಯವರು: ಎಣಿಸೋಕಾಗಲ್ಲ ಬಿಡಿ. 1962ರಲ್ಲೇ ಬರೆದಿದ್ದಾರಾ?

ಇಂಜಿನಿಯರ್: 2015ರಲ್ಲಿ ಪರಿಷ್ಕರಿಸಿದ್ದೂ ಇದೆ. ಪುಸ್ತಕಕ್ಕೇನೂ ಬರ ಇಲ್ಲ.

ಅಂಗಡಿಯವರು: ಸರಿ, ಲೆಕ್ಕ ಹೇಳಿ. ನಾನು ವ್ಯಾಪಾರಿ, ನನಗೆ ಲೆಕ್ಕ ಬೇಕು. ಎಂಬತ್ತು ಅಡೀಲಿ ಯಾರಿಗೆ ಎಷ್ಟು?

ಇಂಜಿನಿಯರ್: ಎಂಬತ್ತಡಿ ಅಂದರೆ 24.4 ಮೀಟರ್. ಎರಡೂ ಕಡೆ ಫುಟ್‌ಪಾತು ಎರಡೂವರೆ ಎರಡೂವರೆ, 5. ಸೈಕಲ್ ಟ್ರ್ಯಾಕು ಎರಡೂ ಕಡೆ 2 ಮೀಟರ್, ಅಲ್ಲಿಗೆ 9. ಟ್ರ್ಯಾಕಿಗೂ ಗಾಡಿಗಳಿಗೂ ನಡುವೆ ಅರ್ಧ ಅರ್ಧ ಮೀಟರ್ ಅಂಚು, 10. ಗಾಡಿ ಓಡೋಕೆ ಒಂದೊಂದು ಕಡೆಗೆ 6 ಮೀಟರ್. ಬಸ್ ಹೋಗೋ ಎಡಪಟ್ಟಿಗೆ 3.2, ಒಳಗಿನ ಪಟ್ಟಿಗೆ 2.8. ಅಲ್ಲಿಗೆ 22. ಉಳಿದದ್ದು 2.4. ನಡುವಿನ ಡಿವೈಡರಿಗೆ 0.4 ತೆಗೆದ್ರೆ ಕೈಲಿ ಉಳಿಯೋದು 2 ಮೀಟರ್. ಒಂದು ಕಾರು ನಿಲ್ಲೋ ಅಗಲ.

ಅಂಗಡಿಯವರು: ಅಂದರೆ ಪಾರ್ಕಿಂಗು ಒಂದೇ ಕಡೆ.

ಇಂಜಿನಿಯರ್: ಒಂದೇ ಕಡೆ. ಒಂದಷ್ಟು ದೂರ ನಿಮ್ಮ ಕಡೆ, ಆಮೇಲೆ ಒಂದಷ್ಟು ದೂರ ಎದುರುಗಡೆ. ನಡುನಡುವೆ ಮರ.

ಅಂಗಡಿಯವರು: ಅಲ್ಲೇ ಬಂತು ನೋಡಿ ಜಗಳ. ನನ್ನ ಗಿರಾಕಿ ಪೈಪು, ಸಿಮೆಂಟು, ಬಣ್ಣದ ಡಬ್ಬ ತಗೊಂಡು ಹೋಗೋನು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಮುಂದಿನ ರಸ್ತೆ ಅಂಗಡಿಗೆ ಹೋಗ್ತಾನೆ.

ಇಂಜಿನಿಯರ್: ಒಪ್ಪಿದೆ. ಆದರೆ ಈ ಬಿಳಿ ಕಾರು ನಾನು ಏಳು ಗಂಟೆಗೆ ಬಂದಾಗಲೂ ಇಲ್ಲೇ ಇತ್ತು. ಯಾವ ಗಿರಾಕೀದು?

ಅಂಗಡಿಯವರು: ಅದು... ನಮ್ಮ ಅಳಿಯಂದು. ಮೆಟ್ರೊದಲ್ಲಿ ಆಫೀಸಿಗೆ ಹೋಗ್ತಾನೆ, ಕಾರು ಇಲ್ಲಿ ಬಿಡ್ತಾನೆ.

ಇಂಜಿನಿಯರ್: ಪಕ್ಕದ ಎರಡು ಸ್ಕೂಟರ್ ನಿಮ್ಮ ಹುಡುಗರವು. ಆ ಕಡೆ ವ್ಯಾನು ಬೇಕರಿಯವರದು. ಗಿರಾಕಿ ಪಾಪ ರಸ್ತೆ ಮಧ್ಯೆ ಇಂಡಿಕೇಟರ್ ಹಾಕಿಕೊಂಡು ನಿಂತಿರ್ತಾನೆ, ಹಿಂದಿನವರ ಕೈಲಿ ಬೈಸಿಕೊಂಡು. ಪಾರ್ಕಿಂಗ್ ಒಂದೇ ಕಡೆ ಇರಲಿ, ಗಂಟೆಗಿಷ್ಟು ಅಂತ ದುಡ್ಡಿರಲಿ, ಆಗ ಅದು ಗಿರಾಕಿಗೆ ಸಿಗುತ್ತೆ.

ಅಂಗಡಿಯವರು: ಅಳಿಯನಿಗೆ ನೀವೇ ಹೇಳಿ, ನಾನು ಹೇಳಲ್ಲ. ಆ 2 ಮೀಟರ್ ಟ್ರ್ಯಾಕಿಗೆ ಬರೋಣ. ಹಾಲೆಂಡಿನ ಕಥೆ ಮಾತ್ರ ಬೇಡ. ಅಲ್ಲಿ ಮಂತ್ರಿಗಳೂ ಸೈಕಲ್ ಓಡಿಸ್ತಾರೆ, ರಸ್ತೇನೇ ಹಾಗಿದೆ, ಅದೆಲ್ಲ ಟೀವೀಲಿ ನೋಡಿದ್ದೀನಿ.

ಇಂಜಿನಿಯರ್: ಆ ಕಥೆಯ ಮೊದಲ ಭಾಗ ಟೀವೀಲಿ ತೋರಿಸಿರಲ್ಲ. ಯುದ್ಧ ಮುಗಿದ ಮೇಲೆ ಅಲ್ಲೂ ಕಾರು ಹೆಚ್ಚಾಯ್ತು. ಕಟ್ಟಡ ಕೆಡವಿ ರಸ್ತೆ ಅಗಲ ಮಾಡಿದ್ರು, ಊರ ಚೌಕಗಳು ಕಾರು ನಿಲ್ದಾಣ ಆದವು. 1971 ಒಂದೇ ವರ್ಷ 3,000ಕ್ಕಿಂತ ಹೆಚ್ಚು ಜನ ರಸ್ತೇಲಿ ಸತ್ರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನ ಕಳಕೊಂಡ ಒಬ್ಬ ಪತ್ರಕರ್ತ ಪೇಪರಲ್ಲಿ ಬರೆದ, ಮಕ್ಕಳ ಕೊಲೆ ನಿಲ್ಲಿಸಿ ಅಂತ. ಅದೇ ಹೆಸರಲ್ಲಿ ತಂದೆತಾಯಂದಿರ ಚಳವಳಿ ಎದ್ದಿತು. 1973ರ ಕೊನೇಲಿ ಅರಬ್ ದೇಶಗಳ ತೈಲ ನಿಂತು, ಭಾನುವಾರ ಕಾರು ಹೊರಗೆ ತೆಗೀಬಾರದು ಅಂತಾಯ್ತು. ರಸ್ತೆ ಖಾಲಿ ಇದ್ರೆ ಹೇಗಿರುತ್ತೆ ಅನ್ನೋದು ಜನಕ್ಕೆ ಕಂಡಿತು. ಅಲ್ಲಿಯ ಜನ ಹುಟ್ಟಾ ಸೈಕಲ್ಲಿಗರು, ನಮಗಾಗಲ್ಲ ಅನ್ನೋ ಮಾತು ನನಗೆ ಹಿಡಿಸಲ್ಲ, ಅದಕ್ಕೆ ಹೇಳಿದೆ.

ಅಂಗಡಿಯವರು: ಅಲ್ಲಿಯ ಅಂಗಡಿಯವರು ಏನಂದ್ರು?

ಇಂಜಿನಿಯರ್: ಹೇಗ್ ಊರಲ್ಲಿ ಗಲಾಟೆ ಮಾಡಿದ್ರು, ನೀವು ಹೇಳಿದ ಕಾರಣಕ್ಕೇ. ಅಲ್ಲೂ ಟಿಲ್‌ಬರ್ಗಲ್ಲೂ ಸರ್ಕಾರ ಎಪ್ಪತ್ತರ ದಶಕದಲ್ಲಿ ಒಂದೊಂದು ಮಾದರಿ ಮಾರ್ಗ ಮಾಡಿತು. ಒಳ್ಳೇ ಕೆಲಸ, ಕೆಂಪು ದಾರಿ. ಆದರೆ ಸೈಕಲ್ ಓಡಿಸೋರು ಎಣಿಸಿದಷ್ಟು ಹೆಚ್ಚಾಗಲಿಲ್ಲ. ಮನೆಯಿಂದ ಆ ದಾರಿಗೆ ಬರೋದು ಹೇಗೆ, ಅದು ಮುಗಿದ ಮೇಲೆ ಹೋಗೋದೆಲ್ಲಿಗೆ? ಆಮೇಲೆ ಎಂಬತ್ತರ ದಶಕದಲ್ಲಿ ಡೆಲ್ಫ್ಟ್ ಊರಲ್ಲಿ ಇಡೀ ಊರಿಗೆ ಬಲೆಯ ಹಾಗೆ ಸಣ್ಣ ದೊಡ್ಡ ದಾರಿಗಳನ್ನ ಒಂದಕ್ಕೊಂದು ಸೇರಿಸಿದ್ರು. ಆಗ ಫಲ ಕಂಡಿತು. ನಮ್ಮ ಹೊರ ವರ್ತುಲ ರಸ್ತೆಯದು ಹೇಗ್ ಊರಿನ ಕಥೆ.

ಅಂಗಡಿಯವರು: ಅಲ್ಲಿ ಚಳಿ, ಇಲ್ಲಿ ಬಿಸಿಲು. ಬೆವರು ಸುರಿಸಿಕೊಂಡು ಯಾರು ಹೋಗ್ತಾರೆ?

ಇಂಜಿನಿಯರ್: ಸ್ಪೇನಿನ ಸೆವಿಲ್ಲೆ ಅಂತ ಇದೆ. ಬೇಸಿಗೇಲಿ 40 ಡಿಗ್ರಿ ದಾಟೋ ಊರು. 2006ರ ನಂತರ ಒಂದೆರಡು ವರ್ಷದಲ್ಲೇ ಸುಮಾರು 80 ಕಿಲೋಮೀಟರ್ ಟ್ರ್ಯಾಕನ್ನ ಒಟ್ಟಿಗೇ ಹಾಕಿದ್ರು. ಬಹುಪಾಲು ಕಾರು ನಿಲ್ಲಿಸೋ ಜಾಗ ತೆಗೆದು. ಲೆಕ್ಕಕ್ಕೇ ಬಾರದಷ್ಟಿದ್ದ ಸೈಕಲ್ ಸವಾರರು ಹಲವು ಪಟ್ಟು ಆದ್ರು. ಒಂದು ರಸ್ತೆ ಮಾಡಿ, ಜನ ಬರ್ತಾರಾ ನೋಡೋಣ ಅಂತ ಕೂತಿದ್ರೆ ಆಗ್ತಿರಲಿಲ್ಲ. ಬೆಂಗಳೂರಿನ ಬಿಸಿಲು ಅದರ ಮುಂದೆ ಏನು ಮಹಾ? ನಮಗೆ ನಿಜವಾದ ತೊಂದರೆ ಮಳೆ, ಅದೂ ನೀರು ನಿಲ್ಲೋ ಕಡೆ. ಟ್ರ್ಯಾಕು ಗಾಡಿ ರಸ್ತೆಗಿಂತ ಸ್ವಲ್ಪ ಎತ್ತರ ಇರಬೇಕು. ಮೋರಿ ಜಾಲರಿಯ ಸರಳು ಅಡ್ಡಕ್ಕಿರಬೇಕು. ಉದ್ದಕ್ಕಿದ್ರೆ ಟೈರು ಅದರಲ್ಲಿ ಇಳಿದು ಸವಾರ ಮುಗ್ಗರಿಸ್ತಾನೆ. ಬಣ್ಣದ ಇಂಟರ್‌ಲಾಕ್ ಕಲ್ಲು ಹಾಕ್ತೀನಿ ಅನ್ನೋ ಗುತ್ತಿಗೆದಾರನ ಜತೆ ಪ್ರತಿ ಸಲ ನನಗೆ ಜಗಳ. ಗಡಗಡ ಅನ್ನುತ್ತೆ, ಸವಾರ ಅದನ್ನ ಬಿಟ್ಟು ಡಾಂಬರಿಗೆ ಇಳೀತಾನೆ.

ಅಂಗಡಿಯವರು: ಮೇಡಂ, ನೀವು ಬಿಸಿಲು ಮಳೆ ಎಲ್ಲ ಹೇಳಿದ್ರಿ, ಸ್ಕೂಟರ್ ಹೇಳಲಿಲ್ಲ. ಈ ಊರಿನ ಗಾಡಿಗಳಲ್ಲಿ ಮೂರರಲ್ಲಿ ಎರಡು ಪಾಲು ಟೂ ವೀಲರ್. ನೀವು 2 ಮೀಟರ್ ಖಾಲಿ ಬಿಟ್ರೆ, ಸಿಗ್ನಲ್ಲಲ್ಲಿ ನಿಂತ ಹುಡುಗ ಹತ್ತಿಸದೆ ಇರ್ತಾನಾ? ಫುಟ್‌ಪಾತೇ ಬಿಡಲ್ಲ ಅವರು.

ಇಂಜಿನಿಯರ್: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸೈಕಲ್ ಹ್ಯಾಂಡಲ್ಲಿಗೂ ಸ್ಕೂಟರ್ ಹ್ಯಾಂಡಲ್ಲಿಗೂ ಅಗಲದಲ್ಲಿ ಅಂಥ ವ್ಯತ್ಯಾಸ ಇಲ್ಲ. ಕಂಬ ನೆಟ್ಟು ಸ್ಕೂಟರ್ ತಡೆದ್ರೆ, ಮೂರು ಚಕ್ರದ ಗಾಡೀಲಿ ತರಕಾರಿ ತರೋನೂ ವೀಲ್‌ಚೇರಿನವರೂ ಸಿಕ್ಕಿಕೊಳ್ತಾರೆ. ದೆಹಲೀಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ ಮಾರ್ಗದ ಜತೆ ಒಳ್ಳೇ ಸೈಕಲ್ ಟ್ರ್ಯಾಕು ಮಾಡಿದ್ರು. ಅಲ್ಲೂ ಬೈಕು ನುಗ್ಗೋದು ಪೂರ್ತಿ ನಿಲ್ಲಲಿಲ್ಲ. ಕಾರಿನವರ ಕೋಪಕ್ಕೆ ಕೊನೆಗೆ ಇಡೀ ಮಾರ್ಗವನ್ನೇ ಕಿತ್ತು ಹಾಕಿದ್ರು, ಆ ಮಾತು ಬೇರೆ. ಆದರೆ ಬೈಕು ಯಾಕೆ ನುಗ್ಗುತ್ತೆ ನೋಡಿ. ಒಂದು, ಸಿಗ್ನಲ್ ಹತ್ತಿರ ಮುಂದೆ ಹೋಗೋಕೆ. ಎರಡನೇದು ಎದುರು ದಿಕ್ಕಿನಿಂದ ಬರೋದು. ನಿಮ್ಮ ಎದುರಿನ ಕ್ರಾಸಿನೋರು ಬಲಕ್ಕೆ ಹೋಗಬೇಕಾದ್ರೆ ಯೂ ಟರ್ನ್ ಎಲ್ಲಿದೆ?

ಅಂಗಡಿಯವರು: ಪೆಟ್ರೋಲ್ ಬಂಕ್ ದಾಟಿ. ಮುಕ್ಕಾಲು ಕಿಲೋಮೀಟರ್ ಆಗುತ್ತೆ.

ಇಂಜಿನಿಯರ್: ಹೋಗಿ ಬರೋದು ಒಂದೂವರೆ. ಯಾವ ಹುಡುಗ ಹೋಗ್ತಾನೆ? ರಾಂಗ್ ಸೈಡಲ್ಲಿ ನೂರು ಮೀಟರ್ ಬರ್ತಾನೆ. ಅವನ ತಪ್ಪು ಅಂತ ಬರೆದುಬಿಡಬಹುದು, ಆದರೆ ಆ ಡಿವೈಡರ್ ಅಲ್ಲಿ ಮುಚ್ಚಿದ್ದು ನಮ್ಮವರೇ, ಕಾರು ವೇಗವಾಗಿ ಹೋಗಲಿ ಅಂತ. ಡಿವೈಡರಲ್ಲಿ ಹತ್ತಿರ ಹತ್ತಿರ ದಾಟೋ ಜಾಗ ಕೊಟ್ಟರೆ ಟ್ರ್ಯಾಕಿಗೆ ನುಗ್ಗೋ ಬೈಕಿನ ಅರ್ಧ ಕಾಯಿಲೆ ಹೋಗುತ್ತೆ ಅಂತ ನನ್ನ ನಂಬಿಕೆ. ಉಳಿದ ಅರ್ಧಕ್ಕೆ ಪೊಲೀಸು, ಕ್ಯಾಮೆರಾ.

ಅಂಗಡಿಯವರು: ಹಾಗೆ ದಾರಿ ಬಿಟ್ಟರೆ ರಸ್ತೆ ನಿಧಾನ ಆಗುತ್ತೆ.

ಇಂಜಿನಿಯರ್: ಆಗಲಿ. 30ರಲ್ಲಿ ಬರೋ ಕಾರಿಗಿಂತ 60ರಲ್ಲಿ ಬರೋ ಕಾರಿನ ಹೊಡೆತದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಹೈಸ್ಕೂಲ್ ಭೌತಶಾಸ್ತ್ರ. ಒಳಗಿನ ಕ್ರಾಸುಗಳಲ್ಲಿ ಗಾಡಿಯ ವೇಗ 30 ದಾಟದ ಹಾಗೆ ಮಾಡಿದ್ರೆ ಅಲ್ಲಿ ಟ್ರ್ಯಾಕೇ ಬೇಡ, ಸೈಕಲ್ಲು ಕಾರು ಒಟ್ಟಿಗೆ ಹೋಗಬಹುದು. ಬೋರ್ಡು ಹಾಕೋದರಿಂದ ಆಗಲ್ಲ, ರಸ್ತೆ ಕಿರಿದಾಗಬೇಕು, ಕ್ರಾಸಿನ ಬಾಯಿ ಎತ್ತರ ಆಗಬೇಕು. ಇಂಥ ದೊಡ್ಡ ರಸ್ತೇಲಿ ವೇಗ ಹೆಚ್ಚು, ಇಲ್ಲಿ ಬೇರೆ ಮಾಡಲೇಬೇಕು. ದುಡ್ಡಿನ ಮುಕ್ಕಾಲು ಪಾಲು ನಾನಾದ್ರೆ ಕೂಡುರಸ್ತೆಗೇ ಹಾಕ್ತೀನಿ. ನಡುವಿನ ಗೆರೆಗಳು ಅಗ್ಗ.

ಅಂಗಡಿಯವರು: ಕೂಡುರಸ್ತೇಲಿ ಏನು ಮಾಡ್ತೀರಿ? ನಮ್ಮ ಪಕ್ಕದ ಸರ್ಕಲ್ಲೇ ತಗೊಳ್ಳಿ.

ಇಂಜಿನಿಯರ್: ಅಲ್ಲಿ ಫ್ರೀ ಲೆಫ್ಟ್ ಇದೆ. ಮೂಲೆ ಉಜ್ಜಿ ದುಂಡಗೆ ಮಾಡಿದ್ದಾರೆ, ಬಸ್ಸು ಲಾರಿ ಬ್ರೇಕು ಮುಟ್ಟದೆ ಎಡಕ್ಕೆ ಹೊರಳ್ತವೆ. ನೆಟ್ಟಗೆ ಹೋಗೋ ಸೈಕಲ್ಲಿನೋನು ಲಾರಿಯ ಎಡಗಡೆ ಇರ್ತಾನೆ, ಡ್ರೈವರ್ ಕೂತಿರೋದು ಬಲಗಡೆ. ಎಡ ಬಾಗಿಲ ಕೆಳಗಿರೋ ತಲೆ ಅವನಿಗೆ ಕಾಣಲ್ಲ. ನೋಡಬೇಕಂದ್ರೂ ಆ ಓರೆ ಕೋನದಲ್ಲಿ ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಬೇಕು. ಮಾಡಬೇಕಾದ್ದು ಇಷ್ಟು: ಮೂಲೇಲಿ ಒಂದು ಸಣ್ಣ ದ್ವೀಪ. ಅದು ಇದ್ರೆ ಲಾರಿ ಚೂಪಾಗಿ, ನಿಧಾನವಾಗಿ ತಿರುಗಬೇಕಾಗುತ್ತೆ. ಸೈಕಲ್ ದಾಟೋ ಪಟ್ಟಿಯನ್ನ ಕೂಡುರಸ್ತೆಯಿಂದ ಒಂದು ಕಾರಿನಷ್ಟು, ಸುಮಾರು 5 ಮೀಟರ್ ಒಳಕ್ಕೆ ಸರಿಸೋದು. ಆಗ ತಿರುಗಿ ಮುಗಿದ ಗಾಡಿ ಸೈಕಲ್ಲಿಗೆ ಎದುರಾಗಿ ಬಂದು ನಿಲ್ಲುತ್ತೆ. ಡ್ರೈವರಿಗೆ ಮುಂದಿನ ಗಾಜಿನಲ್ಲೇ ಮುಖ ಕಾಣುತ್ತೆ. ಹಿಂದೆ ಬರೋ ಗಾಡಿಗೂ ಅಡ್ಡಿ ಇಲ್ಲ, ಇವನು ಕಾಯೋಕೆ ಜಾಗ ಇದೆ. ದಾಟೋ ಪಟ್ಟಿ ಫುಟ್‌ಪಾತ್ ಮಟ್ಟಕ್ಕೇ ಎತ್ತರ ಇದ್ರೆ ಇನ್ನೂ ಒಳ್ಳೇದು, ಗಾಡಿ ಹತ್ತಿ ಇಳಿಯಬೇಕು.

ಅಂಗಡಿಯವರು: ಉದ್ದನೆ ಬಸ್ಸು? ವೋಲ್ವೋ ಹೇಗೆ ತಿರುಗುತ್ತೆ ಅಂಥ ಮೂಲೇಲಿ?

ಇಂಜಿನಿಯರ್: ದ್ವೀಪದ ಅಂಚಿಗೆ ಒರಟು ಕಲ್ಲಿನ ತಗ್ಗು ಏಪ್ರನ್ ಕೊಡ್ತೀವಿ. ಬಸ್ಸಿನ ಹಿಂದಿನ ಚಕ್ರ ಅದರ ಮೇಲೆ ಹತ್ತಿ ಹೋಗಬಹುದು. ಕಾರಿನವನಿಗೆ ಅದು ಗಡಗಡ ಅನ್ನೋದರಿಂದ ಹತ್ತಲ್ಲ. ಬಲಕ್ಕೆ ಹೋಗೋ ಸೈಕಲ್ಲು ನಡುರಸ್ತೆಗೆ ಬರಲ್ಲ. ನೆಟ್ಟಗೆ ದಾಟಿ ಆ ಕಡೆ ಮೂಲೇಲಿ ನಿಂತು, ಆ ಬದಿಯ ಹಸಿರು ಬಂದಾಗ ಮತ್ತೆ ದಾಟುತ್ತೆ. ಎರಡು ಹೆಜ್ಜೆ.

ಅಂಗಡಿಯವರು: ಫ್ರೀ ಲೆಫ್ಟ್ ತೆಗೆದ್ರೆ ಕ್ಯೂ ನಮ್ಮ ಅಂಗಡಿವರೆಗೆ ಬರುತ್ತೆ.

ಇಂಜಿನಿಯರ್: ಸ್ವಲ್ಪ ಬರುತ್ತೆ, ಇಲ್ಲ ಅನ್ನಲ್ಲ.

ಅಂಗಡಿಯವರು: ಅದಾದ್ರೂ ಒಪ್ಪಿಕೊಂಡ್ರಲ್ಲ. ಹೋದ ಸಲ ಬಂದಿದ್ದವರು ಎಲ್ಲರಿಗೂ ಎಲ್ಲ ಸಿಗುತ್ತೆ ಅಂದಿದ್ರು. ಸರಿ, ಮುಂದಿನ ಬಸ್ ಸ್ಟಾಪು? ಟ್ರ್ಯಾಕು ಎಡಗಡೆ, ಬಸ್ಸೂ ಎಡಗಡೆ ನಿಲ್ಲಬೇಕು.

ಇಂಜಿನಿಯರ್: ಟ್ರ್ಯಾಕು ಶೆಲ್ಟರಿನ ಹಿಂದಿನಿಂದ ಹೋಗುತ್ತೆ. ಬಸ್ಸು ತನ್ನ ಪಟ್ಟೀಲೇ ನಿಲ್ಲುತ್ತೆ, ಜನ ಇಳಿಯೋದು ದ್ವೀಪದಂಥ ಕಟ್ಟೆಗೆ. ಫುಟ್‌ಪಾತಿಗೆ ಬರುವಾಗ ಟ್ರ್ಯಾಕು ದಾಟಬೇಕು, ಅಲ್ಲಿ ಟ್ರ್ಯಾಕು ಎತ್ತರ ಆಗುತ್ತೆ, ಸೈಕಲ್ಲಿನೋನು ನಿಧಾನಿಸಬೇಕು. ಕಣ್ಣು ಕಾಣದವರಿಗೆ ತೊಂದರೆ ಇದೆ ಅಂತ ಅವರ ಸಂಘಟನೆಗಳು ಬೇರೆ ದೇಶಗಳಲ್ಲಿ ಆಕ್ಷೇಪ ಎತ್ತಿದ್ದಾರೆ. ನ್ಯಾಯವಾದ ಮಾತು. ಕಾಲಿಗೆ ತಿಳಿಯೋ ಉಬ್ಬು ಕಲ್ಲು ಹಾಕ್ತೀವಿ, ಅದರಿಂದ ಪೂರ್ತಿ ಪರಿಹಾರ ಆಗಲ್ಲ.

ಅಂಗಡಿಯವರು: ಗೇಟುಗಳು? ನಮ್ಮ ಸಾಲಲ್ಲೇ ಹನ್ನೆರಡು ಗೇಟು, ಒಂದೊಂದಕ್ಕೂ ಒಂದೊಂದು ಇಳಿಜಾರು. ಫುಟ್‌ಪಾತಲ್ಲಿ ನಡೆಯೋನಿಗೇ ಮೊಣಕಾಲು ಹೋಗುತ್ತೆ.

ಇಂಜಿನಿಯರ್: ಟ್ರ್ಯಾಕು, ಫುಟ್‌ಪಾತು ಎರಡೂ ಸಮಮಟ್ಟ. ಕಾರು ಹತ್ತಿ ಇಳೀಲಿ, ಮನುಷ್ಯ ಯಾಕೆ ಹತ್ತಿ ಇಳೀಬೇಕು?

ಅಂಗಡಿಯವರು: ಸಾಮಾನು ಇಳಿಸೋದು ಹೇಗೆ? ನನ್ನ ಟೆಂಪೋ ಬರುತ್ತೆ, ಇಪ್ಪತ್ತಡಿ ಪೈಪು. ಟ್ರ್ಯಾಕಿನ ಮೇಲೆ ನಿಲ್ಲಿಸಬೇಡಿ ಅಂತೀರಿ.

ಇಂಜಿನಿಯರ್: ಪಾರ್ಕಿಂಗ್ ಪಟ್ಟೀಲಿ ಒಂದು ಜಾಗ ಬರೀ ಇಳಿಸೋಕೆ ಅಂತ ಗುರುತು ಮಾಡ್ತೀನಿ. ಬೆಳಗ್ಗೆ ಆರರಿಂದ ಒಂಬತ್ತು.

ಅಂಗಡಿಯವರು: ಒಂಬತ್ತಕ್ಕೆ ನಾನು ಬಾಗಿಲು ತೆಗೆಯೋದು. ಹನ್ನೊಂದು ಬರ್ಕೊಳ್ಳಿ.

ಇಂಜಿನಿಯರ್: ಶಾಲೆ ಮಕ್ಕಳು ಒಂಬತ್ತರ ಒಳಗೆ ಹೋಗಿಬಿಡ್ತಾರೆ. ಅವರು ಹೋದ ಮೇಲೆ ಇಳಿಸೋದಾದ್ರೆ ಇನ್ನೂ ಒಳ್ಳೇದು. ಒಂಬತ್ತರಿಂದ ಹನ್ನೊಂದು ಅಂತ ಬರ್ಕೊಳ್ತೀನಿ.

ಅಂಗಡಿಯವರು: ಈ ಟಿಸಿ ಏನು ಮಾಡ್ತೀರಿ? ನಿಮ್ಮ ಸುಣ್ಣದ ಗೆರೆ ನೇರವಾಗಿ ಟ್ರಾನ್ಸ್‌ಫಾರ್ಮರ್ ಕಂಬದ ಒಳಗೆ ಹೋಗಿದೆ. ಸೈಕಲ್ಲಿನೋನು ಅದರೊಳಗಿಂದ ತೂರಬೇಕಾ?

ಇಂಜಿನಿಯರ್: ಅದನ್ನ ಸರಿಸೋಕೆ ಅರ್ಜಿ ಕೊಡ್ತೀವಿ. ಸರಿಸೋವರೆಗೆ ಟ್ರ್ಯಾಕನ್ನ ಅಲ್ಲಿ ಹೊರಗೆ ಬಾಗಿಸಬೇಕು. ಬಾಗಿದ ಕಡೆ ಪಾರ್ಕಿಂಗ್ ಪಟ್ಟಿ ಇರಲ್ಲ. ಎರಡು ಕಾರಿನ ಜಾಗ ಹೋಗುತ್ತೆ, ನಿಮ್ಮ ಅಂಗಡಿಗೆ ಸರಿಯಾಗಿ.

ಅಂಗಡಿಯವರು: ಅಂದರೆ ಸಾಲಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆತ ನನಗೇ. ಒಳಗೆ, ಫುಟ್‌ಪಾತ್ ಕಡೆ ಬಾಗಿಸಿ ಮತ್ತೆ.

ಇಂಜಿನಿಯರ್: ಬಾಗಿಸಬಹುದು. ಟಿಸಿ ಹಿಂದೆ ಫುಟ್‌ಪಾತಲ್ಲಿ ಒಂದೂವರೆ ಮೀಟರ್ ಟ್ರ್ಯಾಕು, ಒಂದು ಮೀಟರ್ ನಡೆಯೋರಿಗೆ. ಇಕ್ಕಟ್ಟು, ಆದರೆ ನಾಲ್ಕು ಹೆಜ್ಜೆ ದೂರ ತಾನೇ. ಅಡ್ಡ ಇರೋದು ನಿಮ್ಮ ಮೆಟ್ಟಿಲು.

ಅಂಗಡಿಯವರು: ಮೆಟ್ಟಿಲಾ?

ಇಂಜಿನಿಯರ್: ಎರಡು ಅಡಿ ಹೊರಗೆ ಬಂದಿದೆ. ಅಳತೆ ಬೇಕಾದ್ರೆ ನೀವೇ ಟೇಪು ಹಿಡೀರಿ.

ಅಂಗಡಿಯವರು: ಅದು ನಮ್ಮ ತಂದೆ ಕಾಲದಲ್ಲಿ ಹಾಕಿಸಿದ್ದು ಮೇಡಂ. ಆಗ ಇಲ್ಲಿ ಫುಟ್‌ಪಾತೇ ಇರಲಿಲ್ಲ.

ಇಂಜಿನಿಯರ್: ಇರಬಹುದು. ಎರಡು ಕಾರೋ, ಮೆಟ್ಟಿಲೋ, ಯಾವುದು ಬಿಡ್ತೀರಿ ಹೇಳಿ, ಹಾಗೇ ನಕ್ಷೇಲಿ ಬರೀತೀನಿ.

ಅಂಗಡಿಯವರು: ಇರಿ, ಟೇಪು ಕೊಡಿ ಇಲ್ಲಿ. ಮೆಟ್ಟಿಲನ್ನ ಬಾಗಿಲ ಒಳಕ್ಕೆ ತಗೊಂಡ್ರೆ ಕೌಂಟರು ಎಷ್ಟು ಹಿಂದಕ್ಕೆ ಹೋಗಬೇಕು? ಮೂರು ಮೆಟ್ಟಿಲು, ಒಂದೊಂದು ಹತ್ತು ಇಂಚು... ಲೇ, ಆ ಬಣ್ಣದ ಡಬ್ಬಗಳನ್ನ ಸ್ವಲ್ಪ ಆ ಕಡೆ ಸರಿಸೋ.